ಮೀಸೆಮಾವ ನುಂಗಿದ ನಿದ್ದೆಗಳು

ಬಹಳ ಬಹಳ ಹಿಂದೆ, ಏಳು ತೊರೆಗಳು ಬಂದು ಒಂದಾಗುವ ಜಾಗದಲ್ಲಿ ಏಳ್ತೊರೆ ಎಂಬ ಪುಟ್ಟ ರಾಜ್ಯವಿತ್ತು. ಮಾದರಸ ಎಂಬ ಅರಸ ಅದನ್ನು ಆಳುತ್ತಿದ್ದ. ಅರಸ ಒಳ್ಳೆಯವನು, ಜನ ಒಳ್ಳೆಯವರು, ನೆಲವೂ ಒಳ್ಳೆಯದು. ಗದ್ದೆ ತುಂಬ ಭತ್ತ, ಹೊಳೆ ತುಂಬ ಮೀನು, ಕೊಟ್ಟಿಗೆ ತುಂಬ ಹಸು. ಆದರೆ ಆ ರಾಜ್ಯದಲ್ಲಿ ಒಂದೇ ಒಂದು ಇರಲಿಲ್ಲ. ನಿದ್ದೆ ಇರಲಿಲ್ಲ.

ಅರಸನಿಗೂ ನಿದ್ದೆ ಇಲ್ಲ, ಅಗಸನಿಗೂ ನಿದ್ದೆ ಇಲ್ಲ. ತೊಟ್ಟಿಲ ಕೂಸಿಗೂ ಇಲ್ಲ, ತೂಗುವ ತಾಯಿಗೂ ಇಲ್ಲ. ಚಾಪೆ ಹಾಸುತ್ತಿದ್ದರು, ಮಲಗುತ್ತಿದ್ದರು, ಸೂರಿನ ತೊಲೆ ನೋಡುತ್ತಾ ಬೆಳಗು ಮಾಡುತ್ತಿದ್ದರು. ಅರಮನೆಯ ಕಾವಲುಗಾರ ಈಟಿಯನ್ನು ತಲೆಕೆಳಗಾಗಿ ಹಿಡಿದು ನಿಲ್ಲುತ್ತಿದ್ದ. ಅರಸ ನ್ಯಾಯ ಹೇಳಲು ಕೂತರೆ, ದೂರು ಕೊಟ್ಟವನು ಯಾರು, ದೂರು ಯಾರ ಮೇಲೆ ಎನ್ನುವುದೇ ಮರೆತುಹೋಗುತ್ತಿತ್ತು.

ಇದೆಲ್ಲ ಜಾಗರಸಿದ್ಧನೆಂಬ ಮಾಯಗಾರನ ಕೆಲಸ. ಏಳು ತೊರೆ ಕೂಡುವಲ್ಲಿ ನೀರಿನ ನಡುವೆ ಒಂದು ಕರಿಬಂಡೆ, ಬಂಡೆಯ ಮೇಲೆ ಅವನ ಗೋಪುರ. ಅವನ ಕಣ್ಣಿಗೆ ಎವೆಯೇ ಇರಲಿಲ್ಲ. ಮಲಗಿದರೆ ಅರ್ಧ ಆಯುಸ್ಸು ವ್ಯರ್ಥ ಎಂದು ಮುನ್ನೂರು ವರ್ಷದ ಹಿಂದೆ ಅವನು ತನ್ನ ನಿದ್ದೆಯನ್ನು ತಾನೇ ಕಿತ್ತು ತೆಗೆದಿದ್ದ. ಆಮೇಲೆ ಬೇರೆಯವರ ನಿದ್ದೆ ಕದ್ದರೆ ಅವರ ಆಯುಸ್ಸಿನ ಒಂದು ಪಾಲು ತನಗೆ ಸೇರುತ್ತದೆ ಎನ್ನುವುದನ್ನು ಕಂಡುಕೊಂಡ. ಅಂದಿನಿಂದ ಕತ್ತಲಾದರೆ ಸಾಕು, ಒಂದು ದೊಡ್ಡ ಮೊರದ ಮೇಲೆ ಕೂತು ಹಾರುತ್ತಿದ್ದ. ಬೆಳಕಿಂಡಿಯಲ್ಲಿ ಮನೆಯೊಳಗೆ ಇಳಿಯುತ್ತಿದ್ದ. ಮಲಗಿದವರ ಕಣ್ಣಿನ ಮೇಲೆ ಮೂರು ಸಲ ಊದುತ್ತಿದ್ದ. ನಿದ್ದೆ ಜಾರಿ ಅವನ ಸೋರೆಬುರುಡೆಗೆ ಬೀಳುತ್ತಿತ್ತು. ಬೆಳಗಾದರೆ ಜನ ಅವನ ಬಾಗಿಲಿಗೇ ಹೋಗಬೇಕು. "ನನ್ನ ಗೋಪುರಕ್ಕೆ ನೂರು ಕಲ್ಲು ಹೊತ್ತು ಹಾಕು, ಒಂದು ಗಳಿಗೆ ನಿದ್ದೆ ಕೊಡ್ತೀನಿ" ಎನ್ನುತ್ತಿದ್ದ. ಜನ ಹೊರುತ್ತಿದ್ದರು. ಗೋಪುರ ಎತ್ತರವಾಗುತ್ತಿತ್ತು.

ಕದ್ದ ನಿದ್ದೆಯನ್ನು ಅವನು ಎಲ್ಲಿಡುತ್ತಾನೆ, ಹೇಗಿಡುತ್ತಾನೆ ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದು ಮೊದಲು ಗೊತ್ತಾದದ್ದು ಒಬ್ಬ ಅಂಬಿಗರ ಹುಡುಗಿಗೆ.

ಅವಳ ಹೆಸರು ದೇಮವ್ವ. ಇಪ್ಪತ್ತು ವರ್ಷದವಳು. ಅಪ್ಪ ಬರಮಣ್ಣ ದೋಣಿ ನಡೆಸುತ್ತಿದ್ದ. ಅಜ್ಜಿ ಹಾಲಜ್ಜಿ ಬಲೆ ನೇಯುತ್ತಿದ್ದಳು. ದೇಮವ್ವನ ನಿದ್ದೆಯೂ ಹೋಗಿತ್ತು, ಅಪ್ಪನದೂ ಹೋಗಿತ್ತು, ಆದರೆ ಎಲ್ಲರಿಗಿಂತ ಹೆಚ್ಚು ಸೊರಗಿದವಳು ತಾಯಿ ನೀಲವ್ವ. ವರ್ಷದಿಂದ ಕಣ್ಣು ಮುಚ್ಚದ ನೀಲವ್ವ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು, ಹಚ್ಚಿದ ಒಲೆಯನ್ನು ಮತ್ತೆ ಹಚ್ಚಲು ಹೋಗುತ್ತಿದ್ದಳು. ಒಂದು ದಿನ ದೇಮವ್ವ ತಾಯಿಯ ತಲೆ ಬಾಚುತ್ತಿದ್ದಾಗ ಆಕೆ ಹಿಂದಿರುಗಿ ನೋಡಿ, "ಯಾರ ಮಗಳವ್ವ ನೀನು? ಕೈ ಬಲು ಮೆತ್ತಗದೆ" ಎಂದಳು. ದೇಮವ್ವ ಬಾಚಣಿಗೆ ಕೆಳಗಿಟ್ಟು ಹೊಳೆಯ ಕಡೆ ನಡೆದಳು.

ಅದೇ ದಿನ ಮಧ್ಯಾಹ್ನ ಜಾಗರಸಿದ್ಧ ದೋಣಿ ಹತ್ತಿದ. ಅವನ ಮೊರ ಹಾರುವುದು ಇರುಳಲ್ಲಿ ಮಾತ್ರ, ಹಗಲಾದರೆ ಅವನಿಗೂ ದೋಣಿಯೇ ಗತಿ. ಕಂಕುಳಲ್ಲಿ ಸೋರೆಬುರುಡೆ ಇತ್ತು. ಅಪ್ಪ ಹುಟ್ಟು ಹಾಕುತ್ತಿದ್ದ, ದೇಮವ್ವ ಹಿಂದೆ ಕೂತಿದ್ದಳು. ದಡದ ಹತ್ತಿರದ ಸುಳಿಗೆ ದೋಣಿ ಹೊಯ್ದಾಡಿತು. ಬುರುಡೆಯ ಬಾಯಿಂದ ನೀರು ತುಳುಕಿತು. ನೀರಿನ ಜೊತೆ ಭತ್ತದ ಕಾಳಿನಷ್ಟು ಚಿಕ್ಕದೊಂದು ಚಿನ್ನದ ಬಣ್ಣದ ಮೀನು ಹಾರಿ ಬಂತು. ಹೊಳೆಗೆ ಬೀಳುವ ಮೊದಲು ಅದು ಬಾಯಿ ತೆರೆದು ಆಕಳಿಸಿತು!

ಮಾಯಗಾರ ನೋಡಲಿಲ್ಲ. ದೇಮವ್ವ ನೋಡಿದಳು. ದಡದ ಕೊಕ್ಕರೆಯೂ ನೋಡಿತು. ಕೊಕ್ಕರೆ ಕತ್ತು ಚಾಚಿ ಆ ಮೀನನ್ನು ಗುಳುಂ ಮಾಡಿತು. ಅದೇ ಕ್ಷಣ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಅಗಸರ ಚಿಕ್ಕೀರ ಎತ್ತಿದ ಬಟ್ಟೆಯನ್ನು ಕೈಬಿಟ್ಟು, ಒಗೆಯುವ ಕಲ್ಲಿನ ಮೇಲೇ ಒರಗಿ ಗೊರಕೆ ಹೊಡೆಯತೊಡಗಿದ. ಮರುದಿನ ಸಂಜೆಯವರೆಗೆ ಏಳಲಿಲ್ಲ. ಎದ್ದವನು ಮೂರು ಮುದ್ದೆ ಉಂಡು, "ಎಂಥಾ ನಿದ್ದೆ!" ಎಂದು ಕುಣಿದ. ಆಮೇಲೂ ದಿನಾ ಮಲಗಿದ, ದಿನಾ ನಿದ್ದೆ ಬಂತು. ಒಮ್ಮೆ ಕಳೆದು ಮರಳಿದ ನಿದ್ದೆಗೆ ಮಾಯಗಾರನ ಊದು ತಾಗುತ್ತಿರಲಿಲ್ಲ, ಆದರೆ ಇದು ಅವನಿಗೇ ಗೊತ್ತಿರಲಿಲ್ಲ.

ಚಿಕ್ಕೀರ ಎದ್ದು ಕುಣಿದದ್ದನ್ನು ಕಂಡ ಸಂಜೆಯೇ ದೇಮವ್ವ ಮನೆಗೆ ಓಡಿ ಬಂದಳು. "ಅಜ್ಜೀ, ನಿದ್ದೆಗಳೆಲ್ಲ ಮೀನಾಗಿವೆ. ಯಾವುದಾದ್ರೂ ಜೀವ ಆ ಮೀನನ್ನು ನುಂಗಿದ್ರೆ ನಿದ್ದೆ ಯಾರದೋ ಅವರಿಗೆ ವಾಪಸ್ ಬರುತ್ತೆ. ಅವನ ಗೋಪುರಕ್ಕೆ ಕೊಕ್ಕರೆ ತಗೊಂಡು ಹೋಗ್ಲಾ?"

ಹಾಲಜ್ಜಿ ಬಲೆಯ ನೂಲನ್ನು ಹಲ್ಲಲ್ಲಿ ಕಚ್ಚಿಕೊಂಡೇ ಯೋಚಿಸಿದಳು. "ಕೊಕ್ಕರೆ ಹಗಲು ಬೇಟೆ ಆಡೋದು. ಹಗಲು ಅವನು ಗೋಪುರದಲ್ಲೇ ಇರ್ತಾನೆ. ನಮಗೆ ಬೇಕಾದ್ದು ಹಗಲೆಲ್ಲ ಅಡಗಿದ್ದು, ಕತ್ತಲಾದ ಮೇಲೆ ಹೊರಗೆ ಬಂದು ತಿನ್ನೋ ಜೀವ. ಅಂಥದ್ದು ಒಂದಿದೆ. ಬಿಸಿನೀರ ಕಣಿವೆಯ ಕುಳ್ಳ ಮೀಸೆಮೀನು. ಎರಡು ಬೆರಳುದ್ದ, ಅದರ ಮೇಲೆ ಬೆಳೆಯೋದಿಲ್ಲ. ತನ್ನ ಬಾಯಲ್ಲಿ ಹಿಡಿಸೋ ಯಾವ ಮೀನನ್ನೂ ಅದು ಬಿಡೋದಿಲ್ಲ."

"ಹಾಗಾದ್ರೆ ನಾಳೆಯೇ ಹೊರಡ್ತೀನಿ."

"ಹೊರಡು. ಆದ್ರೆ ಕೇಳು ಮಗಾ, ಅದನ್ನ ಹಿಡಿಯೋದು ಕಷ್ಟ, ತರೋದು ಅದಕ್ಕಿಂತ ಕಷ್ಟ, ಸಾಕೋದು ಎಲ್ಲಕ್ಕಿಂತ ಕಷ್ಟ. ನೀರು ತಣ್ಣಗಾದ್ರೆ ಸಾಯುತ್ತೆ. ಬೆಳಕು ಬಿದ್ರೆ ಉಪವಾಸ ಬೀಳುತ್ತೆ. ಬಲೆ ಹಾಕಿ ಎತ್ತಿದ್ರೆ ಅದರ ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿ ಮುರಿಯುತ್ತೆ. ಚಿಪ್ಪಿನಲ್ಲಿ ನೀರಿನ ಸಮೇತ ಎತ್ತಬೇಕು."

ಮರುದಿನ ದೇಮವ್ವ ಒಂದು ಮಣ್ಣಿನ ಗಡಿಗೆ, ಒಂದು ತೆಂಗಿನ ಚಿಪ್ಪು, ಬುಟ್ಟಿ ತುಂಬ ಭತ್ತದ ಹೊಟ್ಟು, ಮೂರು ದಿನದ ರೊಟ್ಟಿ ಕಟ್ಟಿಕೊಂಡು ಹೊರಟಳು. ಬರಮಣ್ಣ ದಡದವರೆಗೆ ಬಂದ. "ನಿಮ್ಮವ್ವನಿಗೆ ನಿದ್ದೆ ಬಂದ ದಿನ ದೋಣಿಯ ಗಳುವಿಗೆ ಕೆಂಪು ಬಟ್ಟೆ ಕಟ್ತೀನಿ. ನೀನು ಎಲ್ಲಿದ್ರೂ ನೋಡ್ತಿರು" ಎಂದ.

ಮೂರು ದಿನ ನಡೆದು ಅವಳು ಬಿಸಿನೀರ ಕಣಿವೆಗೆ ಬಂದಳು. ಕಣಿವೆಯ ಬಾಯಲ್ಲಿ ಒಂದು ಕಂಚಿನ ಕರಡಿ ನಿಂತಿತ್ತು. ಹಿಂದೆ ಅದು ಬರೀ ಕಾಡುಕರಡಿ. ಈ ಕಣಿವೆಯ ಮೀನಿನಿಂದ ತನಗೆ ಕೇಡು ಎಂದು ಜಾಗರಸಿದ್ಧ ಯಾರಿಂದಲೋ ಕೇಳಿದ್ದ. ಮೀನನ್ನು ಕಂಡಿರಲಿಲ್ಲ, ಮೊಸಳೆಯಷ್ಟು ದೊಡ್ಡದಿರಬೇಕು ಎಂದುಕೊಂಡು ಒಳಗೆ ಹೋಗಲು ಅವನಿಗೇ ಹೆದರಿಕೆ. ಅದಕ್ಕೆ ಕರಡಿಯ ನಿದ್ದೆ ಕದ್ದು, ಮೈಯನ್ನು ಕಂಚು ಮಾಡಿ ಕಾವಲಿಗೆ ನಿಲ್ಲಿಸಿದ್ದ.

ಕರಡಿ ಕೂದಲು ಝಣಝಣ ಎನ್ನಿಸುತ್ತಾ ಎದ್ದು ನಿಂತಿತು. "ಯಾರು ನೀನು? ಏನು ತಗೊಂಡು ಹೋಗಕ್ಕೆ ಬಂದೆ?"

"ಒಂದು ಮೀನು."

"ಬಂದೋರೆಲ್ಲ ತಗೊಂಡು ಹೋಗಕ್ಕೇ ಬರ್ತಾರೆ. ನಿನ್ನನ್ನ ಸೀಳಿಹಾಕ್ತೀನಿ."

ದೇಮವ್ವ ಓಡದೆ ಕರಡಿಯ ಕಣ್ಣು ನೋಡಿದಳು. ತನ್ನ ತಾಯಿಯ ಕಣ್ಣಿನಂತೆಯೇ ಕೆಂಪಾಗಿ, ಉರಿಯುತ್ತಾ, ಒಣಗಿದ್ದವು. "ಅಣ್ಣಾ, ನೀನು ನಿದ್ದೆ ಮಾಡಿ ಎಷ್ಟು ದಿನವಾಯಿತು?" ಎಂದು ಕೇಳಿದಳು.

ಕರಡಿ ಎತ್ತಿದ ಪಂಜವನ್ನು ಕೆಳಗಿಳಿಸಿತು. ಅದನ್ನು ಹಾಗೆ ಯಾರೂ ಕೇಳಿರಲಿಲ್ಲ. "ಮೂರು ಚಳಿಗಾಲ" ಎಂದಿತು. "ಕರಡಿಗೆ ಚಳಿಗಾಲದ ನಿದ್ದೆ ಹೋದ್ರೆ ಉಳಿಯೋದೇನು?"

"ನಾನು ಒಯ್ಯೋ ಮೀನು ನಿನ್ನ ನಿದ್ದೆಯನ್ನೂ ತರುತ್ತೆ. ತರದಿದ್ರೆ ನಾನು ವಾಪಸ್ ಬರ್ತೀನಿ, ಸೀಳಿಹಾಕು."

ಕರಡಿ ಝಣಝಣ ಎನ್ನುತ್ತಾ ಪಕ್ಕಕ್ಕೆ ಸರಿಯಿತು.

ಒಳಗೆ ಬಂಡೆಯ ಸಂದಿನಲ್ಲಿ ಬೆಚ್ಚನೆಯ ನೀರು ಚಿಮ್ಮಿ ಒಂದು ಹೊಂಡವಾಗಿತ್ತು. ದೇಮವ್ವ ಬಗ್ಗಿ ನೋಡಿದಳು. ಮೀನಿಲ್ಲ. ಬರೀ ಮರಳು, ಲಾವಂಚದ ಬೇರು, ಕೊಳೆತ ಎಲೆ. ಕತ್ತಲಾಗುವವರೆಗೆ ಅಲ್ಲಾಡದೆ ಕೂತಳು. ಕತ್ತಲಾಯಿತು. ಆಗ ಒಂದು ಕೊಳೆತ ಎಲೆ ತಾನಾಗಿ ಎದ್ದು ನಡೆಯಿತು. ಎಲೆಯಲ್ಲ, ಮೀನು! ಕಂದು ಮೈ, ಅಗಲ ಬಾಯಿ, ಆರು ಮೀಸೆ. ಮೀಸೆಯಿಂದ ಮರಳನ್ನು ತಡವುತ್ತಾ ಬಂದು, "ಗೊರ್! ಯಾರದು ನನ್ನ ನೀರಿಗೆ ಮುಖ ಇಟ್ಟಿರೋದು?" ಎಂದಿತು. ಕತ್ತಲಾದ ಮೇಲೆ ಅದಕ್ಕೆ ಮಾತು ಬರುತ್ತಿತ್ತು. ಹಗಲಲ್ಲಿ ಅದು ಬರೀ ಮೀನು.

ದೇಮವ್ವ ತನ್ನ ಕತೆಯನ್ನೆಲ್ಲ ಹೇಳಿದಳು. ಮೀನು ಕೇಳಿತು. "ಆ ಚಿನ್ನದ ಮೀನು ತಿನ್ನಕ್ಕೆ ಹೇಗಿರುತ್ತೆ?"

"ಕೊಕ್ಕರೆ ಮತ್ತೆ ಮತ್ತೆ ಕೊಕ್ಕು ಚಪ್ಪರಿಸ್ತಿತ್ತು."

"ಹಾಗಾದ್ರೆ ಬರ್ತೀನಿ. ಮೂರು ಮಾತು ಕೊಡು. ನನ್ನ ನೀರು ಯಾವತ್ತೂ ಬೆಚ್ಚಗಿರಬೇಕು. ಹಗಲು ನನಗೆ ಅಡಗಕ್ಕೆ ಜಾಗ ಬೇಕು. ಹಸಿದಾಗ ಜೀವ ಇರೋ ಊಟ ಬೇಕು."

"ಮಾತು ಕೊಟ್ಟೆ, ಮೀಸೆಮಾವ" ಎಂದಳು ದೇಮವ್ವ. ಮಾವ ಎಂದು ಕರೆದದ್ದು ಮೀನಿಗೆ ಹಿತವಾಯಿತು. ಅವಳು ಚಿಪ್ಪನ್ನು ನೀರಲ್ಲಿ ಮುಳುಗಿಸಿದಳು. ಮೀನು ತಾನಾಗಿ ಅದರೊಳಗೆ ಬಂದು ಕೂತಿತು. ಗಡಿಗೆಗೆ ಹೊಂಡದ ನೀರು, ಹೊಂಡದ ಮರಳು, ಒಂದು ಹಿಡಿ ಲಾವಂಚದ ಬೇರು ಹಾಕಿ, ಹೊಟ್ಟಿನ ಬುಟ್ಟಿಯೊಳಗೆ ಗಡಿಗೆಯನ್ನು ಹುದುಗಿಸಿ ಅವಳು ತಿರುಗಿ ಹೊರಟಳು.

ಬರುವಾಗ ಬಿಸಿಲಿತ್ತು. ಹೋಗುವಾಗ ದಾರಿಯಲ್ಲಿ ಕೊರೆಗಾಳಿ ಎದ್ದಿತ್ತು. ಅದು ಬರೀ ಗಾಳಿಯಲ್ಲ, ಮಾಯಗಾರ ಗುಡ್ಡದ ಮೇಲೆ ಕಟ್ಟಿಹಾಕಿದ್ದ ಭೂತ. ಮೊದಲ ದಿನ ಅದು ಬಂದು, "ನಿನ್ನ ಬುಟ್ಟಿಯ ಬಿಸಿ ನನಗೆ ಕೊಡು" ಎಂದಿತು. "ಅದು ನನ್ನದಲ್ಲ, ಮಾವನದು. ನನ್ನ ಕಂಬಳಿ ತಗೋ" ಎಂದಳು ದೇಮವ್ವ. ಗಾಳಿ ಕಂಬಳಿ ಒಯ್ಯಿತು. ಎರಡನೆಯ ದಿನ ಮತ್ತೆ ಬಂತು. "ಬುಟ್ಟಿಯ ಬಿಸಿ ಕೊಡು." "ಅದು ಮಾವನದು. ನಾನು ಹಾಕಿದ ಈ ಬೆಂಕಿ ತಗೋ." ಗಾಳಿ ಬೆಂಕಿಯನ್ನು ಬೂದಿ ಮಾಡಿ ಒಯ್ಯಿತು. ಮೂರನೆಯ ದಿನ ಬಂದಾಗ ಅವಳಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಅವಳು ಗಡಿಗೆಯನ್ನು ಸೆರಗಿನೊಳಗೆ ಹೊಟ್ಟೆಗೆ ಅವುಚಿಕೊಂಡು ಕುಕ್ಕರಗಾಲಲ್ಲಿ ಕೂತು, "ಬೇಕಾದ್ರೆ ನನ್ನ ಮೈಯ ಬಿಸಿ ತಗೋ" ಎಂದಳು. ಗಾಳಿ ಅವಳ ಬೆನ್ನು, ಕೈ, ಕಾಲು ಎಲ್ಲ ಮರಗಟ್ಟಿಸಿತು. ಆದರೆ ಗಡಿಗೆ ಇದ್ದ ಜಾಗವನ್ನು ಮುಟ್ಟಲಾಗಲಿಲ್ಲ. ಬೆಳಗಾಗುವ ಹೊತ್ತಿಗೆ ಬೇಸತ್ತು ಗುಡ್ಡ ಹತ್ತಿತು.

ಆ ಮೂರು ರಾತ್ರಿ ಮೀಸೆಮಾವನಿಗೆ ಊಟವೂ ಆಗಬೇಕಿತ್ತಲ್ಲ! ನೆಲ ತಣ್ಣಗಿದ್ದುದರಿಂದ ಎಷ್ಟು ಅಗೆದರೂ ಎರೆಹುಳ ಸಿಗಲಿಲ್ಲ. ಕೊನೆಗೆ ಕುರಿಹಟ್ಟಿಯ ಪಕ್ಕ ಹಬೆಯಾಡುವ ತಿಪ್ಪೆಯೊಂದು ಕಂಡಿತು. ಕೈ ಹಾಕಿದರೆ ಒಳಗೆ ಬೆಚ್ಚಗೆ, ಹುಳಗಳು ಬೇಕಾದಷ್ಟು. "ಗೊರ್, ಕೆಂಪು ಹುಳ! ಇದರ ರುಚಿಯೇ ಬೇರೆ" ಎಂದು ಮಾವ ಮೀಸೆ ಕುಣಿಸಿದ.

ಹೀಗೆ ದೇಮವ್ವ ಏಳ್ತೊರೆಗೆ ಬಂದು, ಮನೆಗೂ ಹೋಗದೆ ನೇರ ಕರಿಬಂಡೆಯ ಗೋಪುರದ ಬಾಗಿಲು ತಟ್ಟಿದಳು.

ಜಾಗರಸಿದ್ಧನೇ ಬಾಗಿಲು ತೆರೆದ. "ಕಲ್ಲು ಹೊರಕ್ಕೆ ಬಂದೆಯಾ?"

"ಇಲ್ಲ ಸಾಮಿ. ನಾನು ಅಂಬಿಗರವಳು, ಮೀನಿನ ಬದುಕು ಗೊತ್ತು. ನಿಮ್ಮಲ್ಲಿ ಮೀನಿದ್ರೆ ನೋಡಿಕೊಳ್ಳಕ್ಕೆ ಆಳು ಬೇಕೇನೋ ಅಂತ ಕೇಳಕ್ಕೆ ಬಂದೆ."

ಮಾಯಗಾರನಿಗೆ ಆಳು ಬೇಕೇ ಬೇಕಿತ್ತು. ಅವನು ಇರುಳೆಲ್ಲ ಹಾರಾಡಿ ಬರುವಷ್ಟರಲ್ಲಿ ಕದ್ದ ನಿದ್ದೆಗಳನ್ನಿಟ್ಟ ತೊಟ್ಟಿಯ ಕೆಳಗಿನ ಕೆಂಡ ಆರಿ, ನೀರು ತಣ್ಣಗಾಗಿ, ಚಿನ್ನದ ಮೀನುಗಳು ಕಂಗೆಡುತ್ತಿದ್ದವು. ಅವನು ಅವಳ ಗಡಿಗೆಯ ಕಡೆ ಎವೆಯಿಲ್ಲದ ಕಣ್ಣು ತಿರುಗಿಸಿದ. "ಅದರಲ್ಲೇನು?"

"ನೀರು ತಿಳಿಯಾಗಿಡೋ ಬೇರು, ಸಾಮಿ."

ಅವನು ಗಡಿಗೆಯೊಳಗೆ ಕೈ ಹಾಕಿ ಕಲಕಿದ. ಒಳಗೆ ಬೇರು ಇತ್ತು, ಮರಳು ಇತ್ತು, ಬೇರಿನ ನಡುವೆ ಒಂದು ಕಂದು ಎಲೆ ಅಂಟಿಕೊಂಡಿತ್ತು. ಹಗಲಲ್ಲವೇ, ಮಾವ ಅಲ್ಲಾಡಲಿಲ್ಲ. "ಕಸ" ಎಂದು ಮಾಯಗಾರ ಕೈ ಒರೆಸಿಕೊಂಡ. "ಸರಿ, ಒಳಗೆ ಬಾ."

ಗೋಪುರದ ತುದಿಯಲ್ಲಿ ಕೋಣೆಯಷ್ಟು ದೊಡ್ಡ ಗಾಜಿನ ತೊಟ್ಟಿ ಇತ್ತು. ಅದರ ತುಂಬ ಚಿನ್ನದ ಮೀನುಗಳು. ಒಂದು ಆಕಳಿಸಿದರೆ ಪಕ್ಕದ್ದು ಆಕಳಿಸುತ್ತಿತ್ತು, ಅದನ್ನು ನೋಡಿ ಇನ್ನೊಂದು. ಅದರ ಪಕ್ಕದಲ್ಲಿ ಒಂದು ಕಲ್ಲಿನ ಮರಿಗೆ. ಅದರಲ್ಲಿ ಮೊಳದುದ್ದದ ಒಂದೇ ಒಂದು ಬಿಳಿಮೀನು. ಅದು ಮಾಯಗಾರನದೇ ನಿದ್ದೆ, ಮುನ್ನೂರು ವರ್ಷ ಬೆಳೆದದ್ದು.

ಮೊದಲ ದಿನವೇ ದೇಮವ್ವ ಕೆಲಸಕ್ಕೆ ಇಳಿದಳು. "ಈ ಚೂಪು ಹರಳು ಮೀನಿಗೆ ಒಳ್ಳೇದಲ್ಲ ಸಾಮಿ" ಎಂದು ತೆಗೆದು ನುಣ್ಣನೆಯ ಹೊಳೆಮರಳು ಹಾಸಿದಳು. ಅದು ಮಾವನ ಮೀಸೆ ಸವೆಯದಿರಲಿ ಎಂದು. "ಬರೀ ಗಾಜು ಕಂಡ್ರೆ ಮೀನಿಗೆ ಗಾಬರಿ" ಎಂದು ಒಡೆದ ಕುಡಿಕೆಗಳನ್ನು ಬೋರಲು ಹಾಕಿ, ಬೇರು ನೆಟ್ಟಳು. ಅದು ಮಾವ ಅಡಗಲಿ ಎಂದು. ಬೇರಿನ ಜೊತೆಗೇ ಮಾವನನ್ನೂ ಮೆಲ್ಲಗೆ ತೊಟ್ಟಿಗೆ ಬಿಟ್ಟಳು. ಇರುಳಿಡೀ ಎಚ್ಚರವಿದ್ದು ಕೆಂಡ ಕೆದಕಿ, ಕೈಯದ್ದಿ ನೋಡಿ, ನೀರು ಕೂಸಿನ ಸ್ನಾನದ ನೀರಿನಷ್ಟೇ ಬೆಚ್ಚಗಿರುವಂತೆ ನೋಡಿಕೊಂಡಳು.

ಮಾಯಗಾರ ಮೊರ ಹತ್ತಿ ಪಕ್ಕದ ರಾಜ್ಯಗಳ ಕಡೆ ಹಾರುತ್ತಿದ್ದ, ತರುತ್ತಿದ್ದದ್ದು ರಾತ್ರಿಗೆ ಒಂದೋ ಎರಡೋ ನಿದ್ದೆ. ದೇಮವ್ವ ದೀಪ ಆರಿಸುತ್ತಿದ್ದಳು. ಬೋರಲು ಕುಡಿಕೆಯ ಕೆಳಗಿನಿಂದ ಮೊದಲು ಎರಡು ಮೀಸೆ ಬರುತ್ತಿತ್ತು, ಆಮೇಲೆ ಬಾಯಿ, ಆಮೇಲೆ ಮಾವ. ಗುಳುಂ! ಕೆಳಗೆ ಊರಲ್ಲಿ ಕುಂಬಾರನೊಬ್ಬ ಆಕಳಿಸಿ ಮಲಗುತ್ತಿದ್ದ. ಗುಳುಂ! ತೊಟ್ಟಿಲ ಕೂಸು ಬೆರಳು ಚೀಪುತ್ತಾ ಕಣ್ಣು ಮುಚ್ಚುತ್ತಿತ್ತು. ಒಂದೊಂದು ರಾತ್ರಿಗೆ ಐದು ಆರು. "ಹೆಚ್ಚು ತಿಂದ್ರೆ ಹೊಟ್ಟೆ ಕೆಡುತ್ತೆ" ಎಂದು ಮಾವ ಕುಡಿಕೆಯೊಳಗೆ ಹೋಗಿ ಕೂರುತ್ತಿದ್ದ. ಒಂದು ರಾತ್ರಿ ಅವರೆಕಾಳಿನಷ್ಟು ದಪ್ಪದ ಮೀನೊಂದನ್ನು ಒದ್ದಾಡಿ ನುಂಗಿದ. ಅದೇ ಹೊತ್ತಿಗೆ ದೂರದ ಕಣಿವೆಯಲ್ಲಿ ಕಂಚಿನ ಕರಡಿಯ ಮೈ ಮೆತ್ತಗಾಗಿ, ಕೂದಲು ಕಪ್ಪಾಗಿ, ಅದು ಗುಹೆಯೊಳಗೆ ಹೋಗಿ ಮುದುರಿಕೊಂಡಿತು.

ನಿದ್ದೆ ಮರಳಿದವರು ಸುಮ್ಮನಿದ್ದರು. ಹಾಲಜ್ಜಿ ಮನೆಮನೆಗೂ ಹೇಳಿ ಬಂದಿದ್ದಳು. ಬೆಳಿಗ್ಗೆ ಎದ್ದವರು ಕಣ್ಣಿಗೆ ಈರುಳ್ಳಿ ತಿಕ್ಕಿಕೊಂಡು, ಕೆಂಪುಗಣ್ಣು ಬಿಟ್ಟುಕೊಂಡು, ತೂರಾಡುತ್ತಾ ಕಲ್ಲು ಹೊರಲು ಬರುತ್ತಿದ್ದರು. ದೋಣಿ ಹತ್ತುವಾಗ ಒಬ್ಬರ ಮುಖ ಒಬ್ಬರು ನೋಡಿ ನಗು ತಡೆಯುವುದೇ ಅವರಿಗೆ ಕಷ್ಟ.

ದೇಮವ್ವ ಮಾತ್ರ ಪ್ರತಿ ಬೆಳಿಗ್ಗೆ ಕಿಟಕಿಯಿಂದ ಹೊಳೆ ನೋಡುತ್ತಿದ್ದಳು. ಅಪ್ಪನ ದೋಣಿ ಕಾಣುತ್ತಿತ್ತು. ಗಳುವಿನಲ್ಲಿ ಕೆಂಪು ಬಟ್ಟೆ ಇರುತ್ತಿರಲಿಲ್ಲ.

"ಮಾವ, ನಮ್ಮವ್ವನ ನಿದ್ದೆ ಯಾವುದು ಅಂತ ನಿನಗೆ ಗೊತ್ತಾಗಲ್ವಾ?"

"ಎಲ್ಲಾ ಒಂದೇ ತರ ಹೊಳೀತವೆ ಮಗಳೇ. ಹತ್ತಿರ ಬಂದದ್ದನ್ನ ನುಂಗ್ತೀನಿ, ಅಷ್ಟೇ. ನಿಮ್ಮವ್ವನದು ಸ್ವಲ್ಪ ಚುರುಕೇನೋ."

ಮಾವಿನ ಚಿಗುರಿನ ಕಾಲದಲ್ಲಿ ಶುರುವಾದದ್ದು ಭತ್ತದ ಕೊಯ್ಲಿನವರೆಗೆ ನಡೆಯಿತು. ತೊಟ್ಟಿಯಲ್ಲಿ ಮೀನು ತೆಳುವಾಗುತ್ತಾ ಬಂತು. "ಬೇರಿನ ಸಂದಿಯಲ್ಲಿ ಅಡಗಿವೆ ಸಾಮಿ" ಎಂದು ದೇಮವ್ವ ಹೇಳುತ್ತಿದ್ದಳು, ಮಾಯಗಾರ ನಂಬುತ್ತಿದ್ದ. ಅವನ ಕಣ್ಣೆಲ್ಲ ಬಿಳಿಮೀನಿನ ಮೇಲೆ. ಆದರೆ ಒಂದು ಸಂಜೆ ಅವನು ತೊಟ್ಟಿಯ ಮುಂದೆ ಬಗ್ಗಿದ. ಒಳಗೆ ಒಂದೇ ಒಂದು ಚಿನ್ನದ ಮೀನು ತಿರುಗುತ್ತಿತ್ತು. ಅವನು ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ. ಕದ್ದ ಆಯುಸ್ಸು ಕೈಜಾರಿ ತಲೆಗೂದಲು ಬೆಳ್ಳಗಾಗಿತ್ತು.

ಅವನು ಕೂಗಾಡಲಿಲ್ಲ. ಮೆಲ್ಲಗೆ ನಕ್ಕ. "ಒಳಗೆ ಯಾವನೋ ಅಡಗಿದ್ದಾನೆ. ಇರಲಿ. ನನ್ನ ನಿದ್ದೆಯೇ ಅವನನ್ನ ಹುಡುಕಿ ನುಂಗಲಿ. ನಾನು ಹೋಗಿ ಈ ಊರಿನ ನಿದ್ದೆಯನ್ನೆಲ್ಲ ಮತ್ತೆ ಬಾಚಿ ತರ್ತೀನಿ. ಆಮೇಲೆ ನಿನ್ನನ್ನ ವಿಚಾರಿಸ್ಕೋತೀನಿ, ಹುಡುಗಿ." ಮರಿಗೆಯಿಂದ ಬಿಳಿಮೀನನ್ನೆತ್ತಿ ತೊಟ್ಟಿಗೆ ಬಿಟ್ಟ. ಬಾಗಿಲಿಗೆ ಬೀಗ ಹಾಕಿ ಮೊರ ಹತ್ತಿ ಹಾರಿದ.

ಕತ್ತಲಾಯಿತು. ದೇಮವ್ವ ಚಿಪ್ಪು ಹಿಡಿದು ತೊಟ್ಟಿಯ ಬಳಿ ಓಡಿದಳು. "ಮಾವ, ಬೇಗ ಬಾ! ಕಿಟಕಿಯಿಂದ ಹಗ್ಗ ಬಿಟ್ಟು ಇಳಿದುಬಿಡೋಣ. ಅದು ನಿನ್ನನ್ನ ನುಂಗಿಬಿಡುತ್ತೆ!"

ಕುಡಿಕೆಯ ಕೆಳಗಿನಿಂದ ಎರಡು ಮೀಸೆ ಬಂತು. "ಉಳಿದಿರೋದು ಯಾರದು ಗೊತ್ತಾ?"

ಅವಳ ನಿದ್ದೆ, ಅಪ್ಪನ ನಿದ್ದೆ ಎಂದೋ ಮರಳಿದ್ದವು, ಗಳುವಿಗೆ ಕೆಂಪು ಬಟ್ಟೆ ಮಾತ್ರ ಇನ್ನೂ ಏರಿರಲಿಲ್ಲ. ದೇಮವ್ವನಿಗೆ ಗೊತ್ತಿತ್ತು.

"ಹಾಗಾದ್ರೆ ಚಿಪ್ಪು ಕೆಳಗಿಡು. ಹಸಿವೆಯಾಗಿದೆ, ಊಟ ಮಾಡಿ ಬರ್ತೀನಿ" ಎಂದು ಮಾವ ಹೊರಗೆ ಬಂದ.

ಚಿನ್ನದ ಮೀನು ಮುಂದೆ, ಮಾವ ಅದರ ಹಿಂದೆ, ಬಿಳಿಮೀನು ಮಾವನ ಹಿಂದೆ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿನಲ್ಲಿ ಬಿಳಿಮೀನು ಗವಿಯಂಥ ಬಾಯಿ ತೆರೆಯಿತು. ಮಾವ ಅದರೊಳಗೆ ಮಾಯವಾದ.

ಬಿಳಿಮೀನು ಒಂದು ಗಳಿಗೆ ನೆಟ್ಟಗೆ ನಿಂತಿತು. ಆಮೇಲೆ ಒಮ್ಮೆ ಕೊಡವಿಕೊಂಡಿತು, ಮತ್ತೆ ಕೊಡವಿಕೊಂಡಿತು. ಗಂಟಲೊಳಗೆ ಮಾವ ಎರಡೂ ಕಡೆಯ ರೆಕ್ಕೆಯ ಮುಳ್ಳನ್ನು ಅಗಲಿಸಿ ಅಗುಳಿ ಹಾಕಿದಂತೆ ಬಿಗಿದು ಕೂತಿದ್ದ. ನುಂಗಲಾಗದು, ಉಗುಳಲಾಗದು. ಬಿಳಿಮೀನು ಹೊರಳಾಡಿ, ನೀರನ್ನೆಲ್ಲ ಬಗ್ಗಡ ಮಾಡಿ, ಕೊನೆಗೆ ಚಂಗನೆ ಹಾರಿ ನೆಲಕ್ಕೆ ಬಿತ್ತು.

ದೇಮವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಯೊಳಗೆ ಮಾವನ ಬಾಲ ಕಾಣುತ್ತಿತ್ತು. ಹಿಡಿದು ಎಳೆಯಬೇಕೆಂದು ಕೈ ಹೋಯಿತು. ಎಳೆದರೆ ಮುಳ್ಳು ಮುರಿಯುತ್ತದೆ, ಮುಳ್ಳು ಮುರಿದರೆ ಮಾವ ಉಳಿಯುವುದಿಲ್ಲ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಚಿಪ್ಪಿನಲ್ಲಿ ತೊಟ್ಟಿಯ ಬೆಚ್ಚನೆ ನೀರು ತೆಗೆದು ಬಿಳಿಮೀನಿನ ಬಾಯಿಗೆ ಸ್ವಲ್ಪಸ್ವಲ್ಪವೇ ಹನಿಸಿದಳು. ಮಾವ ಒಣಗಬಾರದು. ಒಂದು ಚಿಪ್ಪು, ಹತ್ತು ಚಿಪ್ಪು, ನೂರು ಚಿಪ್ಪು. ಕೈ ಸೋತರೂ ನಿಲ್ಲಿಸಲಿಲ್ಲ. "ಸುಮ್ಮನಿರು, ಸುಮ್ಮನಿರು" ಎಂದು ಕೂಸಿಗೆ ಹೇಳುವಂತೆ ಹೇಳುತ್ತಾ ಬಿಳಿಮೀನಿನ ತಲೆಯನ್ನೂ ಸವರಿದಳು.

ಮುನ್ನೂರು ವರ್ಷ ಕಲ್ಲಿನ ಮರಿಗೆಯಲ್ಲಿ ಒಂಟಿಯಾಗಿದ್ದ ಮೀನು ಅದು. ಅದನ್ನು ಯಾರೂ ಹಾಗೆ ಸವರಿರಲಿಲ್ಲ. ಬೆಚ್ಚನೆ ನೀರಿಗೆ, ಮೆತ್ತನೆ ಕೈಗೆ ಅದರ ಒದ್ದಾಟ ನಿಂತಿತು. ಎಷ್ಟಾದರೂ ಅದೂ ನಿದ್ದೆಯೇ ಅಲ್ಲವೇ? ಅದು ಆಕಳಿಸಿತು. ಎಂಥ ಆಕಳಿಕೆ! ಬಾಯಿ ಅಗಲವಾಗಿ, ಇನ್ನೂ ಅಗಲವಾಗಿ ತೆರೆದುಕೊಂಡಿತು. ಮಾವ ಮುಳ್ಳು ಮಡಚಿ ಸರ್ರನೆ ಜಾರಿ ಚಿಪ್ಪಿನೊಳಗೆ ಬಿದ್ದ.

ಬಿಳಿಮೀನು ಮಂಜಿನಂತೆ ಕರಗಿ, ಕಿಟಕಿಯಿಂದ ಹೊರಗೆ ತೇಲಿ, ತನ್ನ ಒಡೆಯನನ್ನು ಹುಡುಕಿಕೊಂಡು ಹೋಯಿತು. ಜಾಗರಸಿದ್ಧ ಆಗ ಅರಮನೆಯ ಮೇಲೆ ಹಾರುತ್ತಿದ್ದ. ಮಂಜು ಅವನ ಮುಖಕ್ಕೆ ತಾಗಿತು. ಎವೆಯಿಲ್ಲದ ಕಣ್ಣಿಗೆ ಎವೆ ಮೂಡಿತು, ಮೂಡಿದ ಎವೆ ಮುಚ್ಚಿತು. ಮೊರ ತಿರುಗುತ್ತಾ ತಿರುಗುತ್ತಾ ಕೆಳಗಿಳಿದು ಹುಲ್ಲಿನ ಬಣವೆಯ ಮೇಲೆ ಬಿತ್ತು. ಅವನು ಮುನ್ನೂರು ವರ್ಷದ ಬಾಕಿ ನಿದ್ದೆಯನ್ನು ಅಲ್ಲೇ ಶುರು ಮಾಡಿದ.

ಗೋಪುರದಲ್ಲಿ ದೇಮವ್ವ ಮಾವನನ್ನು ತೊಟ್ಟಿಗೆ ಬಿಟ್ಟು ಕೆಂಡ ಕೆದಕಿದಳು. ಮಾವ ಒಂದು ಮೂಲೆಯಲ್ಲಿ ಸುಧಾರಿಸಿಕೊಂಡ. ಮೀಸೆ ನೆಟ್ಟಗೆ ಮಾಡಿಕೊಂಡ. "ಗೊರ್. ಊಟಕ್ಕೆ ಕೂತವನನ್ನ ಎಬ್ಬಿಸಿಬಿಟ್ಟರು" ಎನ್ನುತ್ತಾ ಹೊರಟು, ಕೊನೆಯ ಚಿನ್ನದ ಮೀನಿನ ಹಿಂದೆ ಮೆಲ್ಲಗೆ ಹೋದ. ಗುಳುಂ!

ಬೆಳಕು ಹರಿಯುವಾಗ ದೇಮವ್ವ ಕಿಟಕಿಗೆ ಬಂದಳು. ಮಂಜು ಸರಿಯಿತು. ಅಪ್ಪನ ದೋಣಿಯ ಗಳುವಿನಲ್ಲಿ ಕೆಂಪು ಬಟ್ಟೆ ಪಟಪಟ ಹಾರುತ್ತಿತ್ತು. ಅವಳು ಅಲ್ಲೇ ಕಿಟಕಿಯ ಕಟ್ಟೆಗೆ ತಲೆಯಿಟ್ಟು ಅತ್ತಳು, ಆಮೇಲೆ ನಕ್ಕಳು.

ನೀಲವ್ವ ಎಂಟು ದಿನ ಮಲಗಿದಳು. ಒಂಬತ್ತನೆಯ ದಿನ ಎದ್ದು, ಹೊಸಿಲಲ್ಲಿ ಕೂತಿದ್ದ ಮಗಳನ್ನು ನೋಡಿ, "ದೇಮೂ, ಎಷ್ಟು ಸಣ್ಣಗಾಗಿದ್ದೀಯೇ! ಏನಾದ್ರೂ ತಿಂದ್ಯಾ?" ಎಂದಳು. ತಾಯಿಯ ಬಾಯಲ್ಲಿ ತನ್ನ ಹೆಸರು ಕೇಳಿ ದೇಮವ್ವನಿಗೆ ಹೊಟ್ಟೆ ತುಂಬಿತು. ಆದರೂ ತಾಯಿ ಬಡಿಸಿದ್ದನ್ನು ಎರಡು ಸಲ ಹಾಕಿಸಿಕೊಂಡು ಉಂಡಳು. ಉಪ್ಪು ಹದವಾಗಿತ್ತು.

ಮಾಯಗಾರನನ್ನು ಏನು ಮಾಡುವುದೆಂದು ಜನ ಅರಸನನ್ನು ಕೇಳಿದರು. ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದ ಮಾದರಸನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. "ಮಲಗಿದವನನ್ನು ಹೊಡೆಯೋದು ಬೇಡ. ಒಂದು ಗುಹೆಯಲ್ಲಿ ಚಾಪೆ ಹಾಸಿ ಮಲಗಿಸಿ, ತಲೆದಿಂಬು ಕೊಡಿ" ಎಂದ. ಗೋಪುರದ ಕಲ್ಲನ್ನು ಹೊತ್ತವರೇ ಇಳಿಸಿ ತಂದು ಹೊಳೆಗೆ ಸೋಪಾನ ಕಟ್ಟಿದರು.

ಅರಸ ದೇಮವ್ವನನ್ನು ಕರೆಸಿ ಏನು ಬೇಕೆಂದು ಕೇಳಿದ. "ಮಾವನಿಗೆ ಒಂದು ಮನೆ ಬೇಕು ದೊರೆ" ಎಂದಳು. ಆ ಗಾಜಿನ ತೊಟ್ಟಿಯನ್ನು ಅರಮನೆಗೆ ತಂದರು. ನುಣ್ಣನೆ ಮರಳು, ಬೋರಲು ಕುಡಿಕೆ, ಬೇರು, ಕೆಳಗೆ ಆರದ ಕೆಂಡ. ದೇಮವ್ವ ಅದರ ಒಡತಿಯಾದಳು. ರಾಜ್ಯವನ್ನು ಉಳಿಸಿದ ಮೀನನ್ನು ನೋಡಲು ಹಗಲೆಲ್ಲ ಜನ ಸಾಲುಗಟ್ಟಿ ಬರುತ್ತಿದ್ದರು. ಅವರಿಗೆ ಕಾಣುತ್ತಿದ್ದದ್ದು ಮರಳು ಮತ್ತು ಒಡೆದ ಕುಡಿಕೆ. "ಇಷ್ಟೇನಾ?" ಎಂದು ಬೇಸರಪಟ್ಟು ಹೋಗುತ್ತಿದ್ದರು. ದೇಮವ್ವ ನಗುತ್ತಾ, "ಮಾವ ಈಗ ಮಲಗಿದ್ದಾನೆ" ಎನ್ನುತ್ತಿದ್ದಳು.

ಒಂದು ಸಂಜೆ ಮಾದರಸನೇ ಬಂದ. "ಇವತ್ತು ನೋಡಿಯೇ ಏಳೋದು" ಎಂದು ಮಣೆ ಹಾಕಿಸಿಕೊಂಡು ತೊಟ್ಟಿಯ ಮುಂದೆ ಕೂತ. ದೇಮವ್ವ ದೀಪ ಆರಿಸಿದಳು. ಕತ್ತಲು, ಬೆಚ್ಚಗಿನ ಗಾಜು, ನೀರಿನ ಸಣ್ಣ ಸದ್ದು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಕುಡಿಕೆಯ ಕೆಳಗಿನಿಂದ ಎರಡು ಮೀಸೆ ಬಂತು. "ಗೊರ್. ಯಾರದು?"

"ಅರಸರು, ಮಾವ. ನಿನ್ನನ್ನ ನೋಡಕ್ಕೆ ಬಂದಿದ್ರು. ಎಬ್ಬಿಸ್ಲಾ?"

"ಬೇಡ ಬಿಡು, ಮಲಗಲಿ" ಎಂದ ಮೀಸೆಮಾವ. "ಕೆಂಪು ಹುಳ ತಂದಿದ್ದೀಯಾ?"

ದೇಮವ್ವ ಒಂದು ಹುಳವನ್ನು ನೀರಿಗೆ ಬಿಟ್ಟಳು. ಅರಸನ ಮೇಲೆ ಕಂಬಳಿ ಹೊದಿಸಿದಳು. ಅಂದಿನಿಂದ ಏಳ್ತೊರೆಯ ಜನ ಹಗಲು ದುಡಿದು, ಇರುಳು ಮಲಗಿ, ಮೀಸೆಮಾವ ಹಗಲು ಮಲಗಿ, ಇರುಳು ಉಂಡು, 'ನಮಗೇನು ಕಡಿಮೆ' ಎಂಬಂತೆ ಬಹುಕಾಲ ಬಾಳಿದರು.